ಎಂಜಿನ್ ಕೆಲಸ ಆದಮೇಲೆ ಪಿ0016 ಕೋಡ್ ಹೋಗುತ್ತಿಲ್ಲ, ಮಾರ್ಕ್ ಎಲ್ಲ ಸರಿಯಾಗಿಯೇ ಇದೆ

ಹೊಸ_ಬೋರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ಸಿಲಿಂಡರ್, 16 ವಾಲ್ವ್ ಪೆಟ್ರೋಲ್ ಎಂಜಿನ್. ಕ್ರ್ಯಾಂಕ್‌ನಿಂದ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಶಾಫ್ಟ್) ಕ್ಯಾಮ್‌ಗಳಿಗೆ (ವಾಲ್ವ್ ತೆರೆಯುವ ಮೇಲಿನ ಶಾಫ್ಟ್) ಟೈಮಿಂಗ್ ಬೆಲ್ಟ್ ಇರುವುದು. ವಿವಿಟಿ (ಓಡುವಾಗಲೇ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ) ಇಲ್ಲ. ಆಯಿಲ್ ಕುಡಿಯುತ್ತಿತ್ತು ಅಂತ ಪೂರ್ತಿ ಇಳಿಸಿ, ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸದು ಹಾಕಿದೆ. ಹೆಡ್‌ಗೆ 0.3 ಮಿ.ಮೀ. ಫೇಸಿಂಗ್ (ಕೆಳಮುಖ ಸವರಿ ಸಮ ಮಾಡುವುದು) ಆಗಿದೆ. ಹೆಡ್ ಕೆಲಸ ಹೊರಗೆ ಕೊಟ್ಟಿದ್ದೆ, ಕ್ಯಾಮ್ ಪುಲ್ಲಿ ಕೂರಿಸಿಯೇ ವಾಪಸ್ ಕೊಟ್ಟರು.

ಈಗ ಎಂಜಿನ್ ಓಡುತ್ತದೆ, ಆದರೆ ಮುಂಚೆಗಿಂತ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕು. ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0016 ಬರುತ್ತದೆ. ಅಳಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. ಕ್ಯಾಮ್ ಸೆನ್ಸರ್ ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಬೆಲ್ಟ್ ಮಾರ್ಕ್ (ಬೆಲ್ಟ್ ಕೂರಿಸಲು ಪುಲ್ಲಿ ಮೇಲಿರುವ ಗುರುತು) ಎಲ್ಲ ಕೂಡುತ್ತವೆ. ಮುಂದೆ ಎಲ್ಲಿ ನೋಡಲಿ?

ನಾಲ್ಕನೇ_ಗೇರ್

ಕ್ಯಾಮ್ ಸೆನ್ಸರ್ ಹಾಕಿದ ಮೇಲೆ ಕ್ರ್ಯಾಂಕ್ ಸೆನ್ಸರ್ ಕೂಡ ಬದಲಿಸಿ ನೋಡಿ. ಹಳೆಯದು ಬಿಸಿಯಾದಾಗ ಕೈಕೊಡುತ್ತದೆ.

ಎಣ್ಣೆ_ಕೈ

ದಯವಿಟ್ಟು ಇನ್ನೊಂದು ಸೆನ್ಸರ್ ತರಬೇಡಿ. ಮೊದಲು ಕೋಡ್ ಏನು ಹೇಳುತ್ತಿದೆ ಅಂತ ನೋಡೋಣ. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್ ತೊಂದರೆಗೆ ಪಿ0335 ಬರುತ್ತದೆ. ಕ್ಯಾಮ್‌ಗೆ ಪಿ0340. ನಿಮಗೆ ಬಂದಿರುವುದು ಪಿ0016. ಅಂದರೆ ಎರಡೂ ಸೆನ್ಸರ್ ಸಿಗ್ನಲ್ ಕೊಡುತ್ತಿವೆ, ಇಸಿಯು (ಎಂಜಿನ್ ಕಂಪ್ಯೂಟರ್) ಎರಡನ್ನೂ ಓದುತ್ತಿದೆ, ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸತ್ತ ಸೆನ್ಸರ್ ಹೀಗೆ ಮಾಡುವುದಿಲ್ಲ.

ಇಲ್ಲಿ ನನಗೆ ಬೇಕಾದದ್ದು ಒಂದೇ: ಎಷ್ಟು ಡಿಗ್ರಿ ವ್ಯತ್ಯಾಸ ಇದೆ, ಆ ವ್ಯತ್ಯಾಸ ಒಂದೇ ಸಮ ಇದೆಯಾ ಅಥವಾ ಅಲುಗಾಡುತ್ತದೆಯಾ. ಒಂದೇ ಸಮ ಇದ್ದರೆ ಜೋಡಣೆಯಲ್ಲಿ ಏನೋ ತಿರುಗಿ ಕೂತಿದೆ. ಹೆಚ್ಚುಕಡಿಮೆ ಆಗುತ್ತಿದ್ದರೆ ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯುವ ರಾಟೆ) ಅಥವಾ ಬೆಲ್ಟ್ ಸಡಿಲ. ನಡುನಡುವೆ ಸಿಗ್ನಲ್ಲೇ ಕಾಣೆಯಾದರೆ ಮಾತ್ರ ವೈರಿಂಗ್, ಕನೆಕ್ಟರ್, ಸೆನ್ಸರ್ ಗ್ಯಾಪ್ ಕಡೆ ಹೋಗಬೇಕು.

ಎರಡು ಚಾನೆಲ್ ಸ್ಕೋಪ್ (ಸಿಗ್ನಲ್‌ನ ಚಿತ್ರ, ಅಂದರೆ ವೇವ್‌ಫಾರ್ಮ್, ತೋರಿಸುವ ಉಪಕರಣ) ಸಿಗುತ್ತಾ? ಒಂದರಲ್ಲಿ ಕ್ರ್ಯಾಂಕ್, ಇನ್ನೊಂದರಲ್ಲಿ ಕ್ಯಾಮ್ ಹಾಕಿ. ನಿಮ್ಮದು 60ರಲ್ಲಿ 2 ಹಲ್ಲು ಬಿಟ್ಟ ಟೋನ್ ವೀಲ್ (ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲಿನ ಚಕ್ರ) ಆಗಿದ್ದರೆ ಒಂದು ಹಲ್ಲಿಗೆ 6 ಡಿಗ್ರಿ. ಖಾಲಿ ಜಾಗದಿಂದ ಕ್ಯಾಮ್ ಸಿಗ್ನಲ್ ಏಳುವ ತನಕ ಹಲ್ಲು ಎಣಿಸಿ. ಅದೇ ಮಾಡೆಲ್‌ನ ಸರಿಯಿರುವ ಎಂಜಿನ್‌ನ ವೇವ್‌ಫಾರ್ಮ್ ಜೊತೆ ಹೋಲಿಸಿ. ಅದಿಲ್ಲದೆ ಬರೀ ನಿಮ್ಮ ಚಿತ್ರ ಇಟ್ಟುಕೊಂಡು ಏನೂ ಹೇಳಲಾಗದು.

ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ಕೂಡ ನೋಡಿ ಹೇಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿರುವಾಗಲೇ ಎಂಜಿನ್ ಅನ್ನು ಕೈಯಿಂದ, ಅದು ಓಡುವ ದಿಕ್ಕಿಗೇ, ಪೂರ್ತಿ ಎರಡು ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಿ. ಬೆಲ್ಟ್ ಹಾಕಿದ ಕ್ಷಣದಲ್ಲಿ ಕೂಡಿದ ಮಾರ್ಕ್‌ಗೆ ನಾನು ಬೆಲೆ ಕೊಡುವುದಿಲ್ಲ. ಸಡಿಲ ಎಲ್ಲ ಟೆನ್ಷನರ್ ಕಡೆಗೆ ಬಂದಮೇಲೆ ನಿಜವಾದ ಜಾಗ ತಿಳಿಯುತ್ತದೆ.

ಹಳೇ_ವೈರಿಂಗ್

ಎಣ್ಣೆ ಕೈ ಅವರು ಹೇಳಿದ ಕ್ರಮವೇ ಸರಿ. ಎಂಜಿನ್ ಇಳಿಸಿ ಹತ್ತಿಸಿದ ಗಾಡಿಗಳಲ್ಲಿ ನಾನು ಕಂಡ ಕೆಲವು ವಿಷಯ ಮಾತ್ರ ಸೇರಿಸುತ್ತೇನೆ. ಸೆನ್ಸರ್ ಒಳಗೆ ಮ್ಯಾಗ್ನೆಟ್ ಇದ್ದರೆ ಬೋರಿಂಗ್ ಮಾಡಿದ ಕಬ್ಬಿಣದ ಪುಡಿ ತುದಿಗೆ ಅಂಟಿಕೊಳ್ಳುತ್ತದೆ, ಒರೆಸಿ ನೋಡಿ. ಎರಡು ವೈರಿನ ಸೆನ್ಸರ್ ಆಗಿದ್ದು, ಕನೆಕ್ಟರ್ ಕತ್ತರಿಸಿ ಸೇರಿಸಿದ್ದರೆ, ವೈರ್ ಅದಲುಬದಲಾಗಿರಬಹುದು. ಆಗ ವೇವ್‌ಫಾರ್ಮ್ ತಲೆಕೆಳಗಾಗಿ ಇಸಿಯು ಖಾಲಿ ಜಾಗವನ್ನು ತಪ್ಪಾಗಿ ಓದುತ್ತದೆ. ಮೂರು ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ಸ್ ಇರುವುದು), ಅದಕ್ಕೆ ಓಮ್ ಮೀಟರ್ ಹಿಡಿದು ಪ್ರಯೋಜನವಿಲ್ಲ. ಸಪ್ಲೈ, ಅರ್ಥ್, ಸಿಗ್ನಲ್ ಮೂರನ್ನೂ ಕನೆಕ್ಟರ್ ಹಾಕಿಯೇ ಅಳೆಯಬೇಕು. ಬ್ಲಾಕ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ವಾಪಸ್ ಹಾಕಿದ್ದೀರಾ ಅನ್ನುವುದನ್ನೂ ನೋಡಿಬಿಡಿ.

ಹೊಸ_ಬೋರ್

ಇಬ್ಬರಿಗೂ ತುಂಬಾ ಧನ್ಯವಾದ. ಸ್ಕೋಪ್ ಹೊಂದಿಸಿಕೊಂಡೆ. ವೀಲ್ 60ರಲ್ಲಿ 2 ಬಿಟ್ಟದ್ದೇ. ಸರಿಯಿರುವ ಗಾಡಿಯ ವೇವ್‌ಫಾರ್ಮ್ ಜೊತೆ ಇಟ್ಟು ನೋಡಿದರೆ ನನ್ನದರಲ್ಲಿ ಕ್ಯಾಮ್ ಸಿಗ್ನಲ್ ಎರಡು ಹಲ್ಲು ತಡವಾಗಿ ಬರುತ್ತಿದೆ. ಐಡ್ಲಿಂಗ್‌ನಲ್ಲೂ ರೇಸ್ ಕೊಟ್ಟಾಗಲೂ ಅಷ್ಟೇ. ಸಿಗ್ನಲ್ ಎಲ್ಲೂ ಕಟ್ ಆಗುತ್ತಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಒಂದೇ ಸಮ, ಆದರೆ ಇರಬೇಕಾದ್ದಕ್ಕಿಂತ ಕಡಿಮೆ. ಎರಡು ಸುತ್ತು ತಿರುಗಿಸಿದ ಮೇಲೂ ಮಾರ್ಕ್ ಕೂಡುತ್ತಿದೆ. ಬೆಲ್ಟ್ ಒಂದು ಹಲ್ಲು ಹಾರಿದೆಯಾ? ಅಥವಾ ಹೆಡ್ ಫೇಸಿಂಗ್‌ನಿಂದ ಹೀಗಾಯಿತಾ?

ಎಣ್ಣೆ_ಕೈ

ಒಳ್ಳೆಯ ಕೆಲಸ ಮಾಡಿದ್ದೀರಿ. ಈಗ ಲೆಕ್ಕ ಹಾಕೋಣ.

ಟೋನ್ ವೀಲ್‌ನ ಎರಡು ಹಲ್ಲು ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 12 ಡಿಗ್ರಿ. ನಿಮ್ಮ ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು ಇದ್ದರೆ ಬೆಲ್ಟ್ ಒಂದು ಹಲ್ಲು ತಪ್ಪಿದಾಗ 18 ಡಿಗ್ರಿ ಆಗಬೇಕು. 12 ಆಗುವುದಕ್ಕೆ ಸಾಧ್ಯವೇ ಇಲ್ಲ. ಬೆಲ್ಟ್ ಅರ್ಧಂಬರ್ಧ ಹಲ್ಲು ಹಾರುವುದಿಲ್ಲ ಅಲ್ವಾ? ಪುಲ್ಲಿ ಹಲ್ಲು ಎಣಿಸಿ ಖಚಿತ ಮಾಡಿಕೊಳ್ಳಿ.

ಫೇಸಿಂಗ್ ಕೂಡ ಅಲ್ಲ. ಹೆಡ್ ಕೆಳಗೆ ಇಳಿದರೆ ಕ್ಯಾಮ್ ಸ್ವಲ್ಪ ತಡವಾಗುವುದು ನಿಜ. ಆದರೆ 0.3 ಮಿ.ಮೀ.ಗೆ, ಸುಮಾರು 60 ಮಿ.ಮೀ. ತ್ರಿಜ್ಯದ ಪುಲ್ಲಿಯಲ್ಲಿ, ಕ್ರ್ಯಾಂಕ್ ಲೆಕ್ಕದಲ್ಲಿ ಅರ್ಧ ಡಿಗ್ರಿ ಚಿಲ್ಲರೆ ಅಷ್ಟೇ.

ಉಳಿದಿರುವುದು ಎರಡು. ಒಂದೋ ಕ್ರ್ಯಾಂಕ್‌ನ ಟೋನ್ ವೀಲ್ ತಿರುಗಿ ಕೂತಿದೆ, ಇಲ್ಲವೇ ಕ್ಯಾಮ್ ತನ್ನ ಪುಲ್ಲಿಯಲ್ಲಿ ತಿರುಗಿದೆ. ಟೋನ್ ವೀಲ್ ಆಗಿದ್ದರೆ ವಾಲ್ವ್ ಟೈಮಿಂಗ್ ಕೆಡುವುದಿಲ್ಲ, ಕಂಪ್ರೆಷನ್ ಸರಿಯಾಗಿರುತ್ತದೆ, ಸ್ಪಾರ್ಕ್ ಮಾತ್ರ 12 ಡಿಗ್ರಿ ತಪ್ಪುತ್ತದೆ. ಟೈಮಿಂಗ್ ಲೈಟ್ (ಸ್ಪಾರ್ಕ್ ಜೊತೆ ಮಿನುಗುವ ದೀಪ) ಹಿಡಿದರೆ ಅದು ಕಾಣುತ್ತದೆ. ನಿಮಗೆ ಕಂಪ್ರೆಷನ್ ನಾಲ್ಕರಲ್ಲೂ ಸಮನಾಗಿ ಇಳಿದಿದೆ, ಕೆಳಗೆ ಪಿಕಪ್ ಇಲ್ಲ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ಹೀಗೇ ಆಗುತ್ತದೆ. ಹೊಸ ರಿಂಗ್ ಇನ್ನೂ ಕೂರದಿದ್ದರೂ ಕಂಪ್ರೆಷನ್ ಇಳಿಯುತ್ತದೆ, ಆದರೆ ಅದು ಕ್ಯಾಮ್ ಸಿಗ್ನಲ್ ಅನ್ನು ತಡ ಮಾಡುವುದಿಲ್ಲ. ಹಾಗಾಗಿ ನನ್ನ ಅನುಮಾನ ಇನ್‌ಟೇಕ್ ಕ್ಯಾಮ್ ಪುಲ್ಲಿ ಮೇಲೆ.

ಆ ಪುಲ್ಲಿಗೆ ಕೀ (ಪುಲ್ಲಿ ಶಾಫ್ಟ್ ಮೇಲೆ ತಿರುಗದಂತೆ ತಡೆಯುವ ತುಂಡು) ಇದೆಯಾ ನೋಡಿ. ಎಷ್ಟೋ ಎಂಜಿನ್‌ಗಳಲ್ಲಿ ಕೀ ಇರುವುದಿಲ್ಲ. ಬರೀ ಬೋಲ್ಟ್ ಬಿಗಿತದಲ್ಲಿ ಪುಲ್ಲಿ ನಿಂತಿರುತ್ತದೆ. ಅಂಥದ್ದರಲ್ಲಿ ಪುಲ್ಲಿ ಮೇಲಿನ ಮಾರ್ಕ್ ಕ್ಯಾಮ್ ಎಲ್ಲಿದೆ ಅಂತ ಹೇಳುವುದೇ ಇಲ್ಲ. ಒಂದನೇ ಪಿಸ್ಟನ್‌ನ ಟಿಡಿಸಿಯನ್ನು (ಪಿಸ್ಟನ್ ಅತಿ ಮೇಲೆ ಬರುವ ಜಾಗ) ಡಯಲ್ ಗೇಜ್‌ನಿಂದ ಹಿಡಿದು, ಕ್ಯಾಮ್ ಲಾಕ್ ಟೂಲ್ ಕೂರುತ್ತದಾ ನೋಡಿ.

ಹೊಸ_ಬೋರ್

ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲೇ ಇರುವುದು. ಕ್ಯಾಮ್ ಪುಲ್ಲಿಗೆ ಕೀ ಇಲ್ಲ! ಟಿಡಿಸಿಯಲ್ಲಿ ನಿಲ್ಲಿಸಿದರೆ ಎಕ್ಸಾಸ್ಟ್ ಕ್ಯಾಮ್‌ಗೆ ಲಾಕ್ ಟೂಲ್ ಸಲೀಸಾಗಿ ಕೂರುತ್ತದೆ, ಇನ್‌ಟೇಕ್‌ಗೆ ಕೂರುತ್ತಿಲ್ಲ. ಬೋಲ್ಟ್ ಸಡಿಲಿಸಿ ಸರಿ ಮಾಡಲಾ?

ಎಣ್ಣೆ_ಕೈ

ಮಾಡಿ, ಆದರೆ ಒಂದು ಎಚ್ಚರ. ಲಾಕ್ ಟೂಲ್ ಇರುವುದು ಕ್ಯಾಮ್ ಜಾಗ ತೋರಿಸುವುದಕ್ಕೆ, ಬೋಲ್ಟ್ ಬಿಗಿಯುವಾಗಿನ ಜೋರು ತಡೆಯುವುದಕ್ಕಲ್ಲ. ಅದರ ಮೇಲೆ ಬಲ ಬಿಟ್ಟರೆ ಕ್ಯಾಮ್ ಮತ್ತೆ ತಿರುಗುತ್ತದೆ, ಕೆಲವೊಮ್ಮೆ ಕ್ಯಾಮೇ ಮುರಿಯುತ್ತದೆ. ಪುಲ್ಲಿಯನ್ನು ಬೇರೆ ಹಿಡಿಕೆಯಿಂದ ಗಟ್ಟಿಯಾಗಿ ಹಿಡಿದೇ ಬಿಗಿಯಿರಿ. ಪುಲ್ಲಿ, ಕ್ಯಾಮ್ ಕೂಡುವ ಮುಖಗಳಲ್ಲಿ ಆಯಿಲ್ ಇರಬಾರದು. ಬೋಲ್ಟ್ ಹೊಸದು ಹಾಕಬೇಕು ಅಂತ ಮ್ಯಾನ್ಯುವಲ್‌ನಲ್ಲಿ ಇದ್ದರೆ ಹೊಸದೇ ಹಾಕಿ. ಟಾರ್ಕ್ ಕೂಡ ಅದರಲ್ಲಿ ಹೇಳಿದಷ್ಟೇ ಕೊಡಿ.

ಹೊಸ_ಬೋರ್

ಆಯಿತು. ಹೊಸ ಬೋಲ್ಟ್ ಹಾಕಿ, ಎರಡು ಸುತ್ತು ತಿರುಗಿಸಿ, ಎರಡೂ ಕ್ಯಾಮ್‌ಗೆ ಟೂಲ್ ಕೂರುವುದನ್ನು ನೋಡಿಯೇ ಕವರ್ ಮುಚ್ಚಿದೆ. ಸ್ಕೋಪ್‌ನಲ್ಲಿ ಎರಡೂ ವೇವ್‌ಫಾರ್ಮ್ ಈಗ ಒಂದರ ಮೇಲೊಂದು ಕೂರುತ್ತಿವೆ. ಸೆಲ್ಫ್ ಮುಟ್ಟಿದರೆ ಸಾಕು, ಎಂಜಿನ್ ಏಳುತ್ತದೆ. ಕಂಪ್ರೆಷನ್ ಏರಿದೆ, ಕೋಡ್ ವಾಪಸ್ ಬಂದಿಲ್ಲ. ಎಣ್ಣೆ ಕೈ ಅಣ್ಣ, ಆ 12 ಮತ್ತು 18ರ ಲೆಕ್ಕ ಇಲ್ಲದಿದ್ದರೆ ನಾನು ಮತ್ತೆ ಬೆಲ್ಟ್ ಬಿಚ್ಚಿ ಅದೇ ಮಾರ್ಕ್‌ಗೆ ಹಾಕಿ ಕೂರುತ್ತಿದ್ದೆ. ವೇವ್‌ಫಾರ್ಮ್ ಎರಡನ್ನೂ, ಕೆಟ್ಟದ್ದು ಮತ್ತು ಸರಿಯಾದದ್ದು, ಇಲ್ಲೇ ಹಾಕಿದ್ದೇನೆ. ಇದೇ ಎಂಜಿನ್ ಇರುವವರು ಬಳಸಿಕೊಳ್ಳಿ.