ಹೊರದೇಶದಲ್ಲಿ ಒಪ್ಪಿಗೆ ಪಡೆದ ಔಷಧ ನಮ್ಮಲ್ಲಿಗೆ ಬರಲು ಇಷ್ಟು ತಡವೇಕೆ?

ಪೆರ್ಲದ ಓದುಗ:
ನಮ್ಮ ಮನೆಯವರೊಬ್ಬರಿಗೆ ಅಪರೂಪದ ನರರೋಗವಿದೆ. ಕಾಸರಗೋಡಿನ ಅನೇಕ ಕನ್ನಡಿಗರಂತೆ ನಾವೂ ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗುತ್ತೇವೆ. ಈ ರೋಗಕ್ಕೆ ಅಮೆರಿಕದಲ್ಲಿ ಹೊಸ ಔಷಧವೊಂದು ಬಂದಿದೆಯೆಂದೂ, ಭಾರತದಲ್ಲಿ ಅದಕ್ಕಿನ್ನೂ ಅನುಮತಿಯಿಲ್ಲವೆಂದೂ ಮಂಗಳೂರಿನ ವೈದ್ಯರು ತಿಳಿಸಿದರು. ಕೆಲವು ದೇಶಗಳಲ್ಲಿ ಒಪ್ಪಿಗೆಯಾದ ಔಷಧಕ್ಕೆ ಇಲ್ಲಿ ಮತ್ತೆ ಪ್ರಯೋಗ ಬೇಕಿಲ್ಲವೆಂದು 2024ರಲ್ಲಿ ಆದೇಶವಾಗಿದೆಯಲ್ಲವೇ? ಹಾಗಿದ್ದೂ ತಡವೇಕೆ, ಇದನ್ನು ಇನ್ನಷ್ಟು ಚುರುಕುಗೊಳಿಸಲಾಗದೇ?

ಕುಂಬಳೆಯ ನಿವೃತ್ತ ಫಾರ್ಮಸಿ ಅಧ್ಯಾಪಕ:
ನೀವು ಹೇಳುತ್ತಿರುವುದು ಆ ವರ್ಷದ ಆಗಸ್ಟಿನ ಆದೇಶ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ 101ನೇ ನಿಯಮದಡಿ ಅದು ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಮತ್ತು ಐರೋಪ್ಯ ಒಕ್ಕೂಟವನ್ನು ಹೆಸರಿಸಿತು. ರಿಯಾಯಿತಿ ಎಲ್ಲ ಔಷಧಗಳಿಗಿಲ್ಲ. ಅಪರೂಪದ ರೋಗಗಳ ಔಷಧ, ಜೀನ್ ಚಿಕಿತ್ಸೆ, ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ಮೇಲಾದ ಔಷಧ ಮುಂತಾದ ಕೆಲವೇ ಬಗೆಗಳಿಗಿದೆ. ಆದರೆ ವಿನಾಯಿತಿ ಪ್ರಯೋಗಕ್ಕೇ ಹೊರತು ಅರ್ಜಿಗಲ್ಲ. ಕಂಪನಿಯೇ ಅರ್ಜಿ ಹಾಕದಿದ್ದರೆ ಒಪ್ಪಿಗೆ ಕೊಡುವ ದೆಹಲಿಯ ಔಷಧ ನಿಯಂತ್ರಣ ಕಚೇರಿ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ರೋಗಿಗಳು ಕಡಿಮೆ, ಕೊಳ್ಳುವ ಶಕ್ತಿ ಇನ್ನೂ ಕಡಿಮೆ ಎಂದು ಲೆಕ್ಕ ಹಾಕುವ ಕಂಪನಿಗೆ ಇಲ್ಲಿಗೆ ಬರುವ ಅವಸರವಿರುವುದಿಲ್ಲ. ತಡಕ್ಕೆಲ್ಲ ಅಧಿಕಾರಿಗಳನ್ನೇ ದೂರುವವರು ಈ ಭಾಗವನ್ನು ನೋಡುವುದೇ ಇಲ್ಲ.

ಚುರುಕುಗೊಳಿಸುವುದಾದರೆ ಕಡತ ಮೇಜಿನ ಮೇಲೆ ಕಾಯುವ ಸಮಯವನ್ನು ಇಳಿಸಬೇಕು. ಅಮೆರಿಕ 1992ರ ಕಾನೂನಿನಿಂದ ಮಾಡಿದ್ದು ಅದನ್ನೇ: ಕಂಪನಿಗಳಿಂದ ಶುಲ್ಕ ಪಡೆದು, ಆ ಹಣದಿಂದ ಪರಿಶೀಲಕರನ್ನು ನೇಮಿಸಿಕೊಂಡು, ತನಗೆ ತಾನೇ ಗಡುವು ಹಾಕಿಕೊಂಡಿತು. ಈಗ ಅಲ್ಲಿ ಸಾಮಾನ್ಯ ಅರ್ಜಿಗೆ 10 ತಿಂಗಳು, ಆದ್ಯತೆಯ ಅರ್ಜಿಗೆ 6 ತಿಂಗಳು ಗುರಿ.

ಮುಳ್ಳೇರಿಯದ ಸದಸ್ಯೆ:
ಅದೇ 1992ರಲ್ಲಿ ಅಮೆರಿಕ ಇನ್ನೊಂದು ದಾರಿಯನ್ನೂ ತೆರೆಯಿತು; ಅದರ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಗಂಭೀರ ರೋಗಗಳಲ್ಲಿ, ರೋಗಿ ನಿಜವಾಗಿ ಗುಣವಾದನೇ ಎಂದು ತಿಳಿಯುವ ಮೊದಲೇ, ಗುಣವಾಗುವ ಸಂಭವವನ್ನು ತೋರಿಸುವ ಯಾವುದೋ ಅಳತೆಯ ಮೇಲೆ ಒಪ್ಪಿಗೆ ಕೊಡುವ ದಾರಿ ಅದು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ 2012ರಲ್ಲಿ ಹೀಗೆಯೇ ಬಂತು. ಕಫದಲ್ಲಿ ರೋಗಾಣು ಬೇಗ ಮಾಯವಾದುದು ನಿಜ, ಆದರೆ ಆ ಪ್ರಯೋಗದಲ್ಲಿ ಔಷಧ ಪಡೆದ 79 ಮಂದಿಯಲ್ಲಿ 10 ಮಂದಿ, ಪಡೆಯದ 81 ಮಂದಿಯಲ್ಲಿ 2 ಮಂದಿ ತೀರಿಕೊಂಡಿದ್ದರು. ಮುಂದಿನ ವರ್ಷಗಳ ಅನುಭವದಿಂದ ಅದು ಕ್ಷಯ ಚಿಕಿತ್ಸೆಯ ಮುಖ್ಯ ಆಧಾರವಾಯಿತು. ಅವಧಿಗೆ ಮುನ್ನ ಹೆರಿಗೆಯಾಗುವುದನ್ನು ತಡೆಯಲೆಂದು 2011ರಲ್ಲಿ ಅದೇ ದಾರಿಯಲ್ಲಿ ಬಂದ ಮಕೇನಾ, ಔಷಧ ನಿಜಕ್ಕೂ ಫಲ ಕೊಡುತ್ತದೆಯೇ ಎಂದು ಒಪ್ಪಿಗೆಯ ನಂತರ ನೋಡುವ ದೃಢೀಕರಣ ಪ್ರಯೋಗದಲ್ಲಿ 2019ರಲ್ಲಿ ಸೋತಿತು. ಹಿಂದಕ್ಕೆ ಪಡೆದದ್ದು 2023ರಲ್ಲಿ. ಯಾವುದು ಉಳಿಯುತ್ತದೆ, ಯಾವುದು ಬೀಳುತ್ತದೆ ಎಂದು ಒಪ್ಪಿಗೆಯ ದಿನ ಯಾರಿಗೂ ಗೊತ್ತಿರಲಿಲ್ಲ.

ಆದ್ದರಿಂದ ಬೇಗ ಕೊಟ್ಟ ಔಷಧವನ್ನು ಆಮೇಲೆ ಹಿಂಬಾಲಿಸುವವರು ಯಾರೆಂಬುದೇ ನನ್ನ ಚಿಂತೆ. ನಮ್ಮಲ್ಲಿ ಚೀಟಿ ಬರೆಯುವುದು ಕರ್ನಾಟಕದ ವೈದ್ಯರು, ಅಡ್ಡಪರಿಣಾಮವಾದಾಗ ಓಡುವುದು ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಎರಡು ಕಡೆಯ ದಾಖಲೆಗಳು ಒಂದೆಡೆ ಸೇರುವುದೇ ಕಷ್ಟ. (ದಾಖಲೆಯಿಲ್ಲದೆ ಹಾನಿಯನ್ನು ಸಾಬೀತುಪಡಿಸುವ ಕಷ್ಟವನ್ನು ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ.) 2010ರಿಂದ ನಡೆಯುತ್ತಿರುವ ಭಾರತೀಯ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ) ಕಾರ್ಯಕ್ರಮಕ್ಕೆ ರೋಗಿಯೇ ನೇರವಾಗಿ ವರದಿ ಕೊಡಬಹುದು, ನಮೂನೆ ಕನ್ನಡದಲ್ಲೂ ಇದೆ.

ಪೆರ್ಲದ ಓದುಗ:
ಇಬ್ಬರಿಗೂ ವಂದನೆಗಳು. ಕಂಪನಿ ಬರುವವರೆಗೆ ನಾವೇ ತರಿಸಿಕೊಳ್ಳಲು ಅವಕಾಶವಿದೆಯೇ? ಕೇರಳದ ವಿಳಾಸದ ರೋಗಿಗೆ ಮಂಗಳೂರಿನ ವೈದ್ಯರ ಚೀಟಿ ಸಾಲುತ್ತದೆಯೇ?

ಕುಂಬಳೆಯ ನಿವೃತ್ತ ಫಾರ್ಮಸಿ ಅಧ್ಯಾಪಕ:
ಅವಕಾಶವಿದೆ. 1945ರ ಔಷಧ ನಿಯಮಗಳಡಿ ಸ್ವಂತ ಬಳಕೆಗೆ ಅಲ್ಪ ಪ್ರಮಾಣದಲ್ಲಿ ತರಿಸಲು ನಮೂನೆ 12ಎಯಲ್ಲಿ ಅರ್ಜಿ ಹಾಕಿದರೆ 12ಬಿ ಪರವಾನಗಿ ಸಿಗುತ್ತದೆ. ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ್ದರಿಂದ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ನೋಂದಾಯಿತ ವೈದ್ಯರ ಚೀಟಿಯಲ್ಲಿ ಔಷಧದ ಹೆಸರು ಮತ್ತು ಪ್ರಮಾಣ ಸ್ಪಷ್ಟವಾಗಿರಲಿ. ಖರ್ಚು ಮಾತ್ರ ನಿಮ್ಮದೇ. ರೋಗವು 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯ ಪಟ್ಟಿಯಲ್ಲಿದ್ದರೆ ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಮೊದಲು ಆ ಪಟ್ಟಿಯನ್ನು ವೈದ್ಯರೊಂದಿಗೆ ನೋಡಿ.