ಮಣ್ಣಲ್ಲಿ ಇಂಗಾಲ 'ಇಂಗಿಸಿ' ಅನ್ನಬಹುದೇ? ಬೋರ್ಡ್‌ಗೆ, ಅರ್ಜೆಂಟ್

ಪುಣೆಯಿಂದ:
ಗೆಳೆಯರೇ, ನಾಳೆ ಸಂಜೆಯೊಳಗೆ ಒಂದು ಸಾಲು ಬೇಕು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಕನ್ನಡ ರೈತರಿಗಾಗಿ ಇಲ್ಲಿಂದ ಬೋರ್ಡ್ ಬರೆಸಿ ಕಳಿಸುತ್ತಿದ್ದೇವೆ. ಮರಾಠಿ ಬೋರ್ಡ್‌ನಲ್ಲಿ 'ಸೇಂದ್ರಿಯ ಕರ್ಬ ವಾಢವಾ' (ಸಾವಯವ ಇಂಗಾಲ ಹೆಚ್ಚಿಸಿ) ಅಂತ ಮೂರೇ ಪದ. ಕನ್ನಡಕ್ಕೆ ಬಂದ ಕರಡು ನೋಡಿ: 'ಮೃತ್ತಿಕಾ ಪುನರುಜ್ಜೀವನದ ಮೂಲಕ ಇಂಗಾಲ ಸಂಗ್ರಹಣೆ ಹಾಗೂ ಭವಿಷ್ಯದ ಆಹಾರ ಭದ್ರತೆ'. ಇಷ್ಟುದ್ದ ಹಿಡಿಸಲ್ಲ ಅಂದ ಪೇಂಟರ್. ನನಗೆ ತೋಚಿದ್ದು 'ಮಣ್ಣಲ್ಲಿ ಇಂಗಾಲ ಇಂಗಿಸಿ, ಮುಂದಿನವರ ಅನ್ನ ಉಳಿಸಿ'. ಇಂಗುಗುಂಡಿ ಎಲ್ಲರಿಗೂ ಗೊತ್ತು. 'ಇಂಗಿಸಿ' ನಾಟುತ್ತೆ ಅಲ್ವಾ?

ಮುಲುಂಡ್‌ನಿಂದ:
ಖಂಡಿತ. ಇಂಗು, ಇಂಗಾಲ ಎರಡಕ್ಕೂ ಬೇರು ಒಂದೇ. ನೆಲದಲ್ಲಿ ಇಂಗಿದ್ದೇ ಇಂಗಾಲ. ಅಚ್ಚಗನ್ನಡ.

ಡೊಂಬಿವಲಿಯಿಂದ:
ಅಲ್ಲ. ಸಂಸ್ಕೃತದ ಅಂಗಾರ, ಪ್ರಾಕೃತದಲ್ಲಿ ಇಂಗಾಲ. ಹಳಗನ್ನಡದ ಇಂಗಳ, ಅಂದರೆ ಕೆಂಡ, ಅದೇ ಮನೆತನದ್ದು. ನೀರು ಇಂಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಗ್ಗರಣೆಯ ಇಂಗಿಗೂ ಇಲ್ಲ, ಮೊದಲೇ ಹೇಳಿಬಿಡ್ತೀನಿ.

ಮಡಗಾಂವ್‌ನಿಂದ:
ಬೇರು ಏನಾದರೂ ಇರಲಿ, ಕ್ರಿಯಾಪದವೇ ತಪ್ಪು. ನೀರು ಮೇಲಿಂದ ಸುರಿದರೆ ಇಂಗುತ್ತದೆ. ಇಂಗಾಲ ಹಾಗೆ ಇಳಿಯೋದಿಲ್ಲ. ಎಲೆ ಅದನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ. ಒಂದಿಷ್ಟು ಬೇರಿನಿಂದ ಮಣ್ಣಿಗೆ ಬಿಡುತ್ತದೆ, ಒಂದಿಷ್ಟು ಸೊಪ್ಪುಸದೆ ಕೊಳೆತು ಸೇರುತ್ತದೆ. ಅದರಲ್ಲೂ ಸೂಕ್ಷ್ಮಜೀವಿಗಳು ತಿಂದು ಉಸಿರಾಗಿ ಮತ್ತೆ ಗಾಳಿಗೆ ಬಿಡೋದೇ ಜಾಸ್ತಿ. ಜೇಡಿಯ ಕಣಕ್ಕೆ ಅಂಟಿಕೊಂಡಿದ್ದು ಬಹುಕಾಲ ಉಳಿಯುತ್ತದೆ. ಅಲ್ಲಿನ ಎರೆ ಮಣ್ಣಲ್ಲಿ ಜೇಡಿ ಜಾಸ್ತಿ, ಅದೊಂದು ಅನುಕೂಲ. ಆದರೆ ಕಬ್ಬಿನ ರವದಿಗೆ, ಅಂದರೆ ಒಣಗಿದ ಸೋಗೆಗೆ, ಬೆಂಕಿ ಇಟ್ಟರೆ ಎಲ್ಲ ಹೊಗೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಶುರು ಮಾಡಿದ 'ಸಾವಿರಕ್ಕೆ ನಾಲ್ಕು' ಅನ್ನೋ ಅಭಿಯಾನದ ಲೆಕ್ಕವೂ ಉಳಿತಾಯದ್ದೇ: ಮಣ್ಣಿನ ಇಂಗಾಲ ವರ್ಷಕ್ಕೆ 0.4% ಬೆಳೆಯಬೇಕು. ಹಾಗಾಗಿ 'ಕೂಡಿಡಿ'. ಇನ್ನೊಂದು, ಅಕ್ಕಲಕೋಟದಲ್ಲಿ ಅನ್ನ ಯಾಕೆ? ರೊಟ್ಟಿ ಅನ್ನಿ.

ಮುಲುಂಡ್‌ನಿಂದ:
'ಮಣ್ಣಿನ ಕಸುವು ಕೂಡಿಡಿ' ಅಂದರೆ ಮುಗೀತಲ್ಲ. ಇಂಗಾಲದ ಜಗಳವೇ ಬೇಡ.

ಮಡಗಾಂವ್‌ನಿಂದ:
ಯೂರಿಯಾ ಸುರಿಯುವವನೂ ಕಸುವು ಅಂತಲೇ ಹೇಳ್ತಾನೆ. ಮಣ್ಣು ಪರೀಕ್ಷಿಸಿ ಸರ್ಕಾರ ರೈತರಿಗೆ ಕೊಡೋ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ಕನ್ನಡದಲ್ಲಿ 'ಸಾವಯವ ಇಂಗಾಲ' ಅಂತಿದೆ. 0.5%ಗಿಂತ ಕೆಳಗಿದ್ದರೆ 'ಕಡಿಮೆ'. ಬೋರ್ಡ್‌ನ ಪದ ಕಾರ್ಡ್‌ನಲ್ಲೂ ಸಿಗಬೇಕು.

ಡೊಂಬಿವಲಿಯಿಂದ:
ಅಕ್ಕಲಕೋಟ ಮಹಾರಾಷ್ಟ್ರದಲ್ಲಿದೆ. ಆ ರೈತರ ಕೈಗೆ ಬರೋದು ಮರಾಠಿ ಕಾರ್ಡ್. 'ಕರ್ಬ' ಅಂತಲೇ ಬರೆಸಿ, ಅರ್ಥ ಆಗುತ್ತೆ.

ಮುಲುಂಡ್‌ನಿಂದ:
ಹಾಗಾದರೆ ಬೋರ್ಡೇ ಮರಾಠಿಯಲ್ಲಿರಲಿ. ಸುಮ್ನೆ ಬಣ್ಣದ ಖರ್ಚು ಯಾಕೆ? ಗಡಿಯಲ್ಲಿ ಕನ್ನಡ ಕರಗುತ್ತಿರೋದೇ ಹೀಗೆ, ಒಂದೊಂದೇ ಪದ ಬಿಟ್ಟುಕೊಟ್ಟು.

ಡೊಂಬಿವಲಿಯಿಂದ:
'ಖರ್ಚು' ಫಾರಸಿಯಿಂದ ಬಂದಿದ್ದು. ನಾವೆಲ್ಲ ಬರೀತಿರೋ 'ರೈತ' ಮೂಲದಲ್ಲಿ ಅರಬ್ಬಿ. ಅದನ್ನೂ ತೆಗೀತೀರಾ?

ಮುಲುಂಡ್‌ನಿಂದ:
ತೆಗೀತೀನಿ. ಒಕ್ಕಲಿಗ ಇದೆ.

ಡೊಂಬಿವಲಿಯಿಂದ:
ಅದೀಗ ಜಾತಿಯ ಹೆಸರು, ಸ್ವಾಮಿ. ಬೋರ್ಡ್ ಮುಂದೆ ನಿಂತವರಲ್ಲಿ ಲಿಂಗಾಯತರು, ಕುರುಬರು, ಮುಸ್ಲಿಮರು ಎಲ್ಲರೂ ಇರ್ತಾರೆ. ಎರವಲು ಬೇಡ ಅನ್ನೋರು ಮೊದಲು ಹೊಲಕ್ಕೆ ಹೋಗಿ ಯಾರು ಏನಂತಾರೆ ಕೇಳಬೇಕು. ಮುಲುಂಡ್‌ನ ಬಾಲ್ಕನಿಯಲ್ಲಿ ಕೂತು ಅಲ್ಲ.

ಪುಣೆಯಿಂದ:
ಇಬ್ಬರಿಗೂ ಕೈ ಮುಗಿದೆ. ಪೇಂಟರ್‌ಗೆ ಇದನ್ನು ಕೊಟ್ಟಿದ್ದೇನೆ: 'ರವದಿ ಸುಡಬೇಡಿ. ಮಣ್ಣಲ್ಲಿ ಇಂಗಾಲ (ಕರ್ಬ) ಕೂಡಿಡಿ. ಮುಂದಿನವರಿಗೂ ರೊಟ್ಟಿ ಇರಲಿ.' 'ಸಾವಯವ' ಬಿಟ್ಟಿದ್ದು ಜಾಗ ಸಾಲದೆ. ಇನ್ನೊಂದು ಪದ, ಕರಪತ್ರಕ್ಕೆ, ಸೋಮವಾರದೊಳಗೆ: ಎರಡು ಬೆಳೆಯ ನಡುವೆ ನೆಲ ಬರಿದಾಗಿರಬಾರದು ಅಂತ ಅಪ್ಸೆಣಬು, ಹುರುಳಿ ಬಿತ್ತುತ್ತಾರಲ್ಲ, ಅದಕ್ಕೆ 'ಹೊದಿಕೆ ಬೆಳೆ' ಸಾಕಾ?

ಮಡಗಾಂವ್‌ನಿಂದ:
ಸಾಕು. ಅವುಗಳ ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೂ ಹಿಡಿಯುತ್ತವೆ. ಅದನ್ನೂ ಒಂದು ಸಾಲು ಸೇರಿಸಿ.

ಮುಲುಂಡ್‌ನಿಂದ:
'ಸಾರಜನಕ' ಸಂಸ್ಕೃತ.