ಬಿಎ ಹಿಸ್ಟರಿ ತಗೋಬೇಕಂತ ಮಾಡೀನಿ, ಮುಂದ ಹೊಟ್ಟಿಪಾಡಿಗೆ ಏನೈತಿ?

ಲಕ್ಕುಂಡಿಸೀಮಿ:
ಎಲ್ಲಾರಿಗೂ ನಮಸ್ಕಾರ್ರಿ. ಸೆಕೆಂಡ್ ಪಿಯು ಆರ್ಟ್ಸ್ ಮುಗೀತು, ಮಾರ್ಕ್ಸ್ ಚಲೋ ಬಂದಾವ, ಹಿಸ್ಟರಿಯಾಗ 97. ನಮ್ಮೂರು ಲಕ್ಕುಂಡಿ ಬಾಜೂಕ, ನೂರೊಂದು ಗುಡಿ ನೂರೊಂದು ಬಾವಿ ಅಂತಾರಲ್ಲ ಅಲ್ಲೇ ಆಡಿ ಬೆಳದಾಕಿ ನಾನು, ಟೂರಿಸ್ಟ್ ಮಂದಿ ಬಂದು ಬಸದಿ ಮುಂದ ಫೋಟೋ ಹೊಡಕೊಂಡು ಹೋಗ್ತಾರ, ಆ ಕಲ್ಲಿನ್ಯಾಗ ಏನ್ ಬರದಾರ ಅಂತ ಒಬ್ಬರೂ ಕೇಳಂಗಿಲ್ಲ, ನನಗ ಅದನ್ನ ಓದೋದು ಕಲೀಬೇಕು ಅನ್ನೋ ಹುಚ್ಚು. ಅದಕ್ಕ ಬಿಎ ಹಿಸ್ಟರಿ, ಆಮ್ಯಾಲೆ ಧಾರವಾಡದಾಗ ಎಂಎ ಅಂತ ತಲ್ಯಾಗ ಐತಿ.

ಅಪ್ಪ ಏನೂ ಅನ್ನಂಗಿಲ್ಲ. ಕಾಕಾಂದ ತಕರಾರು. "ಹಿಸ್ಟರಿ ಓದಿದವರು ಮಾಸ್ತರಕಿ ಸಿಗಲಾರದ ಝೆರಾಕ್ಸ್ ಅಂಗಡಿ ಇಟ್ಟಾರ, ಸುಮ್ನ ಬಿಸಿಎ ಮಾಡು" ಅಂತಾರ. ಟೀಚರ್, ಐಎಎಸ್ ಬಿಟ್ಟು ಬ್ಯಾರೆ ದಾರಿ ಏನರ ಅದಾವೇನ್ರಿ? ಮನಸಿಗೆ ಬಂದದ್ದು ಓದವ್ವಾ ಅನ್ನೋ ಉತ್ತರ ಬ್ಯಾಡ, ರೊಕ್ಕದ ಮಾತು ಹೇಳ್ರಿ.

ಖಾಯಂ ಅತಿಥಿ:
ರೊಕ್ಕದ ಮಾತು ಕೇಳಿದ್ರಿ, ಹೇಳ್ತೀನಿ. ನಾನು ಹಿಸ್ಟರಿ ಎಂಎ, ಕೆಸೆಟ್ ಪಾಸ್, ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಪ್ರತಿ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್, ವರ್ಕ್‌ಲೋಡ್ ಇದ್ರೆ ಕೆಲಸ ಇಲ್ಲಾಂದ್ರೆ ಇಲ್ಲ, ರಜೆ ತಿಂಗಳಲ್ಲಿ ಸಂಬಳ ಇಲ್ಲ. ಆದ್ರಿಂದ ನಿಮ್ಮ ಚಿಕ್ಕಪ್ಪ ಪೂರ್ತಿ ಸುಳ್ಳು ಹೇಳ್ತಿಲ್ಲಮ್ಮ.

ಅವರಿಗೆ ಗೊತ್ತಿಲ್ಲದ ಲೆಕ್ಕಾನೂ ಇದೆ. ಪಿಯು ಲೆಕ್ಚರರ್ ಆಗೋಕೆ ಎಂಎ ಜೊತೆ ಬಿಎಡ್ ಬೇಕು, ನನ್ನ ಬ್ಯಾಚಲ್ಲಿ ಎಂಎ ಮುಗಿಸಿ ಬಿಎಡ್ ಯಾಕೆ ಅಂತ ಕೂತವರೆಲ್ಲ ನೋಟಿಫಿಕೇಶನ್ ಬಂದ ದಿನ ಬಾಯಿ ಬಾಯಿ ಬಿಟ್ರು. ಆರರಿಂದ ಎಂಟನೇ ಕ್ಲಾಸಿನ ಸಮಾಜ ವಿಜ್ಞಾನಕ್ಕೆ ಟಿಇಟಿ ಬರೀಬೇಕು. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆಸೆಟ್, ಕೆಸೆಟ್ ನಮ್ಮ ರಾಜ್ಯದಲ್ಲಿ ಮಾತ್ರ ನಡೆಯುತ್ತೆ, ನೆಟ್ ಆದ್ರೆ ದೇಶದಲ್ಲೆಲ್ಲಾದ್ರೂ. ನೆಟ್‌ನಲ್ಲಿ ಮೇಲಿನ ರ‍್ಯಾಂಕ್ ಬಂದು ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಕ್ಕಿದ್ರಂತೂ ಪಿಎಚ್‌ಡಿ ಮಾಡ್ಕೊಂಡೇ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಅಷ್ಟು ದುಡ್ಡನ್ನ ಬಿಸಿಎ ಮಾಡಿದ ಎಲ್ಲರೂ ಮೊದಲ ದಿನದಿಂದ ತಗೋತಾರಾ ಅಂತ ಚಿಕ್ಕಪ್ಪನ್ನ ಕೇಳಿ. ಬಿಎನಲ್ಲಿ ಎಚ್‌ಇಪಿ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್) ತಗೊಳಿ, ಬಿಎಡ್‌ಗೂ ಕಾಂಪಿಟೇಟಿವ್ ಎಕ್ಸಾಮ್‌ಗೂ ಅದೇ ಸೇಫ್.

ಪಡಿಯಚ್ಚು:
ಮೇಲಿನ ಸರ್ ಹೇಳಿದ್ದು ಮೇಷ್ಟ್ರ ದಾರಿಗೆ ಸರಿ, ಆದ್ರೆ ಈ ಹುಡುಗಿ ಕೇಳ್ತಿರೋದು ಕಲ್ಲು ಓದೋದು. ಅದಕ್ಕೆ ಎಚ್‌ಇಪಿ ಅಲ್ಲ, ಹಿಸ್ಟರಿ ಜೊತೆ ಆಪ್ಷನಲ್ ಕನ್ನಡ ಇರೋ ಕಾಂಬಿನೇಷನ್ ತಗೊಳಮ್ಮ, ಸಾಧ್ಯ ಆದ್ರೆ ಸಂಸ್ಕೃತಾನೂ ಸ್ವಲ್ಪ. ಹಳಗನ್ನಡ ಬರದೆ ಶಾಸನ ಓದ್ತೀನಿ ಅಂದ್ರೆ ಆಗಲ್ಲ, ಲಿಪಿ ಮೂರು ತಿಂಗಳಲ್ಲಿ ಕೈಗೆ ಹತ್ತುತ್ತೆ, ಭಾಷೆ ಹತ್ತಲ್ಲ.

ಕೆಲಸ ಹೇಗಿರುತ್ತೆ ಅಂತ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಬೆಳಿಗ್ಗೆ ಹೋಗಿ ಮೊದಲು ಊರಿನವರಿಗೆ ನಾವು ನಿಧಿ ಹುಡುಕೋಕೆ ಬಂದಿಲ್ಲ ಅಂತ ನಂಬಿಸಬೇಕು, ಅರ್ಧ ದಿನ ಅಲ್ಲೇ ಹೋಗುತ್ತೆ. ಆಮೇಲೆ ಕಲ್ಲಿಗೆ ನೀರು ಹಾಕಿ ಬ್ರಶ್ಶಲ್ಲಿ ತಿಕ್ಕಿ ಪಾಚಿ, ಮಣ್ಣು, ಎಣ್ಣೆ ಜಿಡ್ಡು, ಕುಂಕುಮ ಎಲ್ಲ ತೆಗೀಬೇಕು. ಒದ್ದೆ ಮಾಡಿದ ಪೇಪರ್ ಹಾಸಿ, ಗುಳ್ಳೆ ಏಳದ ಹಾಗೆ ಬ್ರಶ್‌ನಿಂದ ಬಡೀತಾ ಹೋದ್ರೆ ಪೇಪರು ಅಕ್ಷರದ ಗುಳಿಯೊಳಗೆ ಇಳಿಯುತ್ತೆ, ಸ್ವಲ್ಪ ಆರಿದ ಮೇಲೆ ಬಟ್ಟೆ ಉಂಡೆಗೆ ಮಸಿ ಹಚ್ಚಿ ಮೇಲೆ ಮೆಲ್ಲಗೆ ಒತ್ತೋದು, ಅಕ್ಷರ ಬೆಳ್ಳಗೆ ಉಳಿದು ಸುತ್ತ ಕಪ್ಪಾಗುತ್ತೆ. ಗಾಳಿ ಬೀಸ್ತೋ ಪೇಪರ್ ಹರೀತು, ಮತ್ತೆ ಮೊದಲಿಂದ. ಇದು ಇಷ್ಟ ಆಗುತ್ತೆ ಅನ್ನಿಸಿದ್ರೆ ಮಾತ್ರ ಈ ಕಡೆ ಬಾ.

ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ ಇರೋದು ಮೈಸೂರಲ್ಲಿ, ದೆಹಲಿಯಲ್ಲಲ್ಲ. ಅಲ್ಲಿನ ಅಧಿಕಾರಿ ಹುದ್ದೆಗಳಿಗೆ ಯುಪಿಎಸ್‌ಸಿ ಕರೆಯುತ್ತೆ, ಹುದ್ದೆ ಬೆರಳೆಣಿಕೆ, ಯಾವಾಗಲೋ ಒಮ್ಮೆ, ಆದ್ರೆ ಅರ್ಜಿ ಹಾಕೋಕೆ ಅರ್ಹತೆ ಇರೋರೂ ಕಮ್ಮಿನೇ. ಉತ್ಖನನ ಬೇಕು ಅಂದ್ರೆ ಗ್ರೇಟರ್ ನೋಯ್ಡಾದಲ್ಲಿ ಅದೇ ಇಲಾಖೆಯ ಎರಡು ವರ್ಷದ ಪಿಜಿ ಡಿಪ್ಲೊಮಾ ಇದೆ, ಸೀಟು ಕಮ್ಮಿ, ಎಂಎ ಆದ ಮೇಲೆ ನೋಡು. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ, ಅಂಥ ಪ್ರಾಜೆಕ್ಟ್‌ಗಳಲ್ಲಿ ಕಲ್ಲೂ ಓದೋಕೆ ಬಂದು ಕಂಪ್ಯೂಟರೂ ಗೊತ್ತಿರೋರು ಬೇಕು. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತೆ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಕ್ಕೆ ಅಂತಲೇ ವಿಭಾಗ ಇದೆ.

ಅಲ್ಲೀವರೆಗೆ ಕಾಯಬೇಡ. ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್ ಅನ್ನೋ ಸರಣಿಯ 11ನೇ ಸಂಪುಟ ಮುಂಬಯಿ ಕರ್ನಾಟಕದ ಶಾಸನಗಳದ್ದು, ಇಂಟರ್‌ನೆಟ್‌ನಲ್ಲಿ ಸ್ಕ್ಯಾನ್ ಸಿಗುತ್ತೆ. ಲಕ್ಕುಂಡಿಯ ಅತ್ತಿಮಬ್ಬೆ ಶಾಸನದಿಂದ ಶುರು ಮಾಡು, ಶಕ 929ಕ್ಕೆ 78 ಕೂಡಿಸಿದ್ರೆ ಕ್ರಿ.ಶ. 1007. ಅಚ್ಚಾದ ಪಾಠ ಕೈಲಿ ಹಿಡ್ಕೊಂಡು ಕಲ್ಲಿನ ಮುಂದೆ ಕೂತ್ಕೊ, ಒಂದೊಂದೇ ಅಕ್ಷರ ಹೊಂದಿಸು. ನಿನ್ನ ಮನೆ ಬಾಗಿಲಲ್ಲೇ ಇದೆಯಲ್ಲ, ಬೆಂಗಳೂರಿನ ಹುಡುಗರು ಬಸ್ ಚಾರ್ಜ್ ಕೊಟ್ಟು ಬರ್ತಾರೆ ಇದಕ್ಕೆ.

ಎಫ್‌ಡಿಎ_2019:
ಹಿಸ್ಟರಿ ಬಿಎ ಇಲ್ಲಿ. ಈಗ ತಾಲ್ಲೂಕು ಆಫೀಸಲ್ಲಿ ಎಫ್‌ಡಿಎ. ಕೆಲಸಕ್ಕೂ ಹಿಸ್ಟರಿಗೂ ಸಂಬಂಧ ಇಲ್ಲ, ಪರೀಕ್ಷೆಗೆ ಇತ್ತು ಅಷ್ಟೆ. ಕೆಎಎಸ್, ಪಿಡಿಒ, ಎಫ್‌ಡಿಎ ಯಾವುದಕ್ಕೆ ಓದಿದ್ರೂ ಇತಿಹಾಸ ಬಿಟ್ಟಿಲ್ಲ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಆಪ್ಷನಲ್ ಆಗಿ ತಗೊಂಡ್ರೆ ಎರಡು ಪೇಪರ್ ಸೇರಿ 500 ಅಂಕ, ಆದ್ರೆ ಸಿಲಬಸ್ ಸಮುದ್ರ, ಹಿಸ್ಟರಿ ಓದಿದವರೇ ಬೇರೆ ಆಪ್ಷನಲ್‌ಗೆ ಓಡ್ತಾರೆ. ಬಿಎ ಮಾಡ್ಕೊಂಡೇ ಸಣ್ಣ ಎಕ್ಸಾಮ್ ಬರೀತಾ ಇರಿ ಅಕ್ಕ, ಒಂದು ಕೆಲಸ ಕೈಲಿದ್ರೆ ಶಾಸನ ಭಾನುವಾರ ಓದಬಹುದು.

ಹಳೇಕಾಗದ:
ಭಾನುವಾರದ ಹಿಸ್ಟರಿ ಒಂದು ದಾರಿ, ನಾನು ವಾರಪೂರ್ತಿ ಅದೇ ಮಾಡ್ತೀನಿ, ಮೇಷ್ಟ್ರೂ ಅಲ್ಲ ಆಫೀಸರೂ ಅಲ್ಲ. ಬೆಂಗಳೂರಲ್ಲಿ ಒಂದು ಖಾಸಗಿ ಸಂಸ್ಥೆಯ ಆರ್ಕೈವ್‌ನಲ್ಲಿ ಇದ್ದೀನಿ. ಹಳೇ ಪತ್ರ, ಫೋಟೋ, ನೋಟ್‌ಬುಕ್ ಬಾಕ್ಸ್‌ಗಟ್ಟಲೆ ಬರುತ್ತೆ, ಪಿನ್ನು ರಬ್ಬರ್ ಬ್ಯಾಂಡು ತೆಗೆದು (ತುಕ್ಕು ಹಿಡಿದ ಪಿನ್ನೇ ಕಾಗದದ ದೊಡ್ಡ ಶತ್ರು, ನಂಬಿ) ಯಾರು ಯಾರಿಗೆ ಯಾವಾಗ ಬರೆದಿದ್ದು ಅಂತ ಕ್ಯಾಟಲಾಗ್ ಮಾಡೋದು, ಸ್ಕ್ಯಾನ್ ಮಾಡೋದು, ವಯಸ್ಸಾದವರನ್ನ ಕೂರಿಸಿ ರೆಕಾರ್ಡ್ ಮಾಡಿ ಅದನ್ನ ಬರಹಕ್ಕೆ ಇಳಿಸೋದು. ಎನ್‌ಸಿಬಿಎಸ್ ಅನ್ನೋ ವಿಜ್ಞಾನ ಸಂಸ್ಥೆನೇ 2019ರಲ್ಲಿ ಆರ್ಕೈವ್ ತೆರೀತು, 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಮ್ಯಾಪ್ ಅನ್ನೋ ಕಲೆ-ಫೋಟೋಗ್ರಫಿ ಮ್ಯೂಸಿಯಂ ಶುರುವಾಯ್ತು, ಇಂಥ ಕಡೆ ಹಿಸ್ಟರಿ ಹುಡುಗರಿಗೆ ಜಾಗ ಇದೆ. ಸಂಬಳ ಶುರುವಿಗೆ ಸಾಧಾರಣ, ಮೂರು ನಾಲ್ಕು ವರ್ಷ ಕಾಂಟ್ರಾಕ್ಟ್ ಮೇಲೆ ಕಾಂಟ್ರಾಕ್ಟ್, ಆ ವಿಷಯದಲ್ಲಿ ಖಾಯಂ ಅತಿಥಿ ಅವರಿಗೂ ನನಗೂ ಜಾಸ್ತಿ ವ್ಯತ್ಯಾಸ ಇಲ್ಲ.

ಇಲ್ಲಿ ಇಂಗ್ಲಿಷ್ ಬರಲೇಬೇಕು, ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದ್ರೆ ಬರೀ ಇಂಗ್ಲಿಷ್ ಬರೋರು ರಾಶಿ ಇದ್ದಾರೆ, ಹಳೇ ಕನ್ನಡ ಕೈಬರಹ ಓದೋರು ಸಿಗಲ್ಲ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಅದಾದ್ರೆ ಸರ್ಕಾರಿ ಪತ್ರಾಗಾರದ ಹುದ್ದೆಗಳಿಗೂ ಬಲ ಬರುತ್ತೆ.

ನೀವು ಧಾರವಾಡದ ಕಡೆ ಹೋಗೋದಾದ್ರೆ ಮೋಡಿ ಕಲೀರಿ, ಹಿಂದೆ ಮರಾಠಿ ಬರೆಯೋಕೆ ಬಳಸ್ತಿದ್ದ ಲಿಪಿ ಅದು. ಮುಂಬಯಿ ಸರ್ಕಾರದ ಕಾಲದ ಜಮೀನು ಕಾಗದ ಎಷ್ಟೋ ಮೋಡಿ ಲಿಪಿಯಲ್ಲಿ ಇದೆ. 2023ರಲ್ಲಿ ಮಹಾರಾಷ್ಟ್ರದಲ್ಲಿ ಮರಾಠಾ ಮೀಸಲಾತಿಗೆ ಕುಣಬಿ ದಾಖಲೆ (ಹಿರಿಯರು ಕುಣಬಿ ಜಾತಿ ಅಂತ ತೋರಿಸೋ ಹಳೇ ಕಾಗದ) ಹುಡುಕೋಕೆ ಶುರು ಮಾಡಿದಾಗ ಮೋಡಿ ಓದೋರನ್ನ ಜಿಲ್ಲೆ ಜಿಲ್ಲೆಯಲ್ಲಿ ಹುಡುಕಾಡಿದ್ರು.

ಲಕ್ಕುಂಡಿಸೀಮಿ:
ಇಷ್ಟೆಲ್ಲಾ ಬರೀತೀರಿ ಅಂತ ಅನ್ಕೊಂಡಿರಲಿಲ್ರಿ, ಭಾಳ ಉಪಕಾರ ಆತು. ಮೋಡಿ ಅಂದ ಕೂಡ್ಲೆ ನೆನಪಾತು, ನಮ್ಮ ಹೊಲದ ಹಳೇ ಕಾಗದ ಕಾಕಾನ ಟ್ರಂಕಿನ್ಯಾಗ ಅದಾವ, ಹುಳ ಹರದಾಡಿದಂಗ ಐತಿ, ಯಾರಿಗೂ ಓದಾಕ ಬರಂಗಿಲ್ಲ. ಅದು ಮೋಡಿ ಇರಬಹುದೇನ್ರಿ? ನನ್ನ ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟ, ಮರಾಠಿ ಅಂತೂ ಒಂದಕ್ಷರ ಬರಂಗಿಲ್ಲ, ಅದಿಲ್ಲದ ಮೋಡಿ ಕಲಿಯಾಕ ಆಗ್ತೈತೇನು?

ಸಾಧನಕೇರಿ:
ತಂಗಿ, ಬರೇ ಲಿಪಿ ಕಲತ್ರ ಅಕ್ಷರ ಕೂಡಸ್ತಿ, ಅರ್ಥ ಆಗಂಗಿಲ್ಲ, ಮರಾಠಿ ಬೇಕ. ಆದ್ರ ಜಮೀನು ಕಾಗದದ ಮರಾಠಿ ಅಂದ್ರ ಅದೇ ನಾಕು ಮಾತು ತಿರುಗಿ ಮುರುಗಿ ಬರ್ತಾವ, ಬಿಎ ಮೂರು ವರ್ಷದಾಗ ಸಹಜ ಬರ್ತೈತಿ. ಕಾಗದ ನೋಡಲಾರದ ಮೋಡಿ ಹೌದೋ ಅಲ್ಲೋ ಅಂತ ಹ್ಯಾಂಗ ಹೇಳೋದು, ಮ್ಯಾಲೆ ಉದ್ದಕ ಒಂದು ಗೆರಿ ಎಳದು ಅದಕ್ಕ ಅಕ್ಷರ ಜೋತು ಬಿಟ್ಟಂಗಿದ್ರ, ಪೆನ್ನು ಎತ್ತಲಾರದ ಬರದಂಗಿದ್ರ ಮೋಡಿ ಇರಬಹುದು. ಲ್ಯಾಮಿನೇಶನ್ ಮಾತ್ರ ಮಾಡಸಬ್ಯಾಡ್ರಿ, ಹಳೇ ಕಾಗದ ಸತ್ತೇ ಹೋಗ್ತೈತಿ.

ಇಲ್ಲೇ ಧಾರವಾಡದ ಯುನಿವರ್ಸಿಟಿಯೊಳಗ ಕನ್ನಡ ಸಂಶೋಧನ ಸಂಸ್ಥೆ ಐತಿ, 1939ರದ್ದು, ಮ್ಯೂಸಿಯಂ ಐತಿ, ಶಾಸನ ಅದಾವ, ತಾಡೋಲಿ ಅದಾವ. ಎಂಎಗೆ ಬರೋತನಕ ಕಾಯಬ್ಯಾಡ, ಗದಗಿನಿಂದ ಬೆಳಿಗ್ಗೆ ಹತ್ತಿದ್ರ ಸಂಜೀಕ ಮನಿ ಮುಟ್ಟಬಹುದು, ಒಮ್ಮೆ ಬಂದು ನೋಡಿ ಹೋಗು. ಆ ಕಾಗದದ್ದು ಫೋಟೋ ತಗೊಂಡು ಬಾ, ಅಸಲು ತರಬ್ಯಾಡ.

ಖಾಯಂ ಅತಿಥಿ:
ಪಡಿಯಚ್ಚು ಸರ್ ಹೇಳಿದ ಆಪ್ಷನಲ್ ಕನ್ನಡಕ್ಕೆ ನನ್ನದೇನೂ ವಿರೋಧ ಇಲ್ಲ, ಆದ್ರೆ ಅಡ್ಮಿಷನ್‌ಗೆ ಮುಂಚೆ ಒಂದು ಕೆಲಸ ಮಾಡಮ್ಮ. ಹೈಸ್ಕೂಲ್ ಸಮಾಜ ವಿಜ್ಞಾನ ಶಿಕ್ಷಕರ ಹಿಂದಿನ ನೋಟಿಫಿಕೇಶನ್ ತೆಗೆದು ಡಿಗ್ರಿಯಲ್ಲಿ ಯಾವ ಯಾವ ವಿಷಯ ಕೇಳಿದ್ದಾರೆ ಅಂತ ಓದು, ಹಿಸ್ಟರಿ-ಕನ್ನಡ ಜೊತೆ ಮೂರನೇ ವಿಷಯ ಅದಕ್ಕೆ ಹೊಂದೋ ಹಾಗೆ ಆರಿಸ್ಕೊ. ನೀನು ಸೇರೋ ಕಾಲೇಜಲ್ಲಿ ಆ ಕಾಂಬಿನೇಷನ್ ಇದೆಯಾ ಅಂತ ಹೋಗಿ ಕೇಳು, ಪ್ರಾಸ್ಪೆಕ್ಟಸ್ಸಲ್ಲಿ ಇರುತ್ತೆ, ಹುಡುಗರು ಸಾಲಲ್ಲ ಅಂತ ಕ್ಲಾಸ್ ನಡೆಸಲ್ಲ, ಆಗಸ್ಟಲ್ಲಿ ಕರೆದು ಸಬ್ಜೆಕ್ಟ್ ಬದಲಾಯಿಸು ಅಂತಾರೆ.